ಪಂದ್ಯದ ದಿನದ ಪಾಚಿ ಸಾರು

ಭಾನುವಾರ ನಮ್ಮ ಮನೆಯಲ್ಲಿ ಮೊದಲು ಏಳುವವಳು ನಾನು. ಹೀಟರನ್ನು ಎರಡು ಡಿಗ್ರಿ ಏರಿಸಿ, ಕಾಫಿ ಫಿಲ್ಟರಿಗೆ ಬಿಸಿನೀರು ಹೊಯ್ದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಿಂಬಾಗಿಲು ತೆರೆದು ಗಾಳಿ ನೋಡುತ್ತೇನೆ. ಗಾಳಿ ತಿರುಗಿದ ದಿನ ವಿಮಾನ ನಿಲ್ದಾಣದ ಪಕ್ಕದ ಈ ಡಚ್ ಊರು ಬಾಡ್‌ಹೂವೆಡಾರ್ಪ್‌ನಲ್ಲಿ ವಿಮಾನಗಳು ನಮ್ಮ ಮನೆಯ ಮೇಲೇ ಹಾದು ಇಳಿಯುತ್ತವೆ. ಅಂಥ ದಿನ ಮಾತನ್ನು ನಿಲ್ಲಿಸಿ ನಿಲ್ಲಿಸಿ ಆಡಬೇಕು. ಆ ಬೆಳಿಗ್ಗೆ ಆಕಾಶ ಸುಮ್ಮನಿತ್ತು. ಒಲೆಯ ಮೇಲೆ ದೋಸೆಯ ಕಾವಲಿ ಇರಬೇಕಾದ ಜಾಗದಲ್ಲಿ ಸಮುದ್ರದ ಪಾಚಿ ಕುದಿಯುತ್ತಿತ್ತು.

ಪಕ್ಕದ ಮನೆಯಲ್ಲಿ ಕೊರಿಯಾದ ಫುಟ್‌ಬಾಲ್ ಆಟಗಾರನೊಬ್ಬ ತಾಯಿಯ ಜೊತೆ ಇದ್ದಾನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಈ ದೇಶಕ್ಕೆ ಬಂದು, ಸಣ್ಣ ಕ್ಲಬ್ಬಿನಿಂದ ದೊಡ್ಡ ಕ್ಲಬ್ಬಿಗೆ, ಅಲ್ಲಿಂದ ತನ್ನ ದೇಶದ ತಂಡಕ್ಕೆ ಏರಿದವನು. ನಮಗೆ ಮಾತ್ರ ಗೇಟಿನ ಹತ್ತಿರ ಕಂಡಾಗಲೆಲ್ಲ ತಲೆಬಾಗಿ 'ನೂನಾ' ಎನ್ನುವ ಹುಡುಗ. ನೂನಾ ಎಂದರೆ ಅಕ್ಕ. ಹಿಂದಿನ ವಸಂತದಲ್ಲಿ ಅವನ ಬಲ ಮಂಡಿಗೆ ಆಪರೇಷನ್ ಆಗಿತ್ತು. ಒಂಬತ್ತು ತಿಂಗಳ ಮೇಲೆ ಆ ಭಾನುವಾರ ಮತ್ತೆ ಆಡಲಿದ್ದ. ಕ್ಲಬ್ಬಿನ ಕರಾರು ಬೇಸಿಗೆಗೆ ಮುಗಿಯುತ್ತಿತ್ತು. ಮಂಡಿ ತಾಳುತ್ತದೆ ಎಂದು ಕೋಚಿಗೆ ಕಾಣದಿದ್ದರೆ ಸಾಮಾನು ಕಟ್ಟಿ ಊರಿಗೆ.

ಅವತ್ತೇ ಅವನ ಹುಟ್ಟುಹಬ್ಬ ಕೂಡ. ಹುಟ್ಟುಹಬ್ಬದ ಬೆಳಿಗ್ಗೆ ಕೊರಿಯಾದವರು ಪಾಚಿ ಸಾರು ಕುಡಿಯುತ್ತಾರೆ, ಬಾಣಂತಿಯಾಗಿದ್ದಾಗ ತಾಯಿ ಕುಡಿದ ಸಾರೇ ಅದು ಎಂದು ಅವನ ತಾಯಿ ಒಮ್ಮೆ ಬೇಲಿಯ ಆಚೆಯಿಂದ ಹೇಳಿದ್ದರು. ಆದರೆ ಅವತ್ತು ಅವರ ಅಡುಗೆಮನೆಯಿಂದ ಆ ಸಾರಿನ ಎಳ್ಳೆಣ್ಣೆಯ ವಾಸನೆ ಬರಲಿಲ್ಲ. ಪಂದ್ಯದ ಗಾಬರಿಯಲ್ಲಿ ಪಾಪ ಮರೆತಿದ್ದಾರೆ ಎಂದುಕೊಂಡೆ. ನನ್ನ ಕಾನ್ವೆಂಟಿನಲ್ಲಿ ಹುಟ್ಟುಹಬ್ಬ ಇದ್ದವರ ಹೆಸರನ್ನು ಸಿಸ್ಟರ್ ಕರಿಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದರು. ಒಬ್ಬರನ್ನು ಬಿಟ್ಟರೂ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಆ ಪಾಠ ಇನ್ನೂ ಮೈಯಲ್ಲಿದೆ. ಮಾಂಸ ಹಾಕದೆ, ಬೆಳ್ಳುಳ್ಳಿ, ಎಳ್ಳೆಣ್ಣೆಯಲ್ಲೇ ಸಾರು ಮಾಡಿ ಬೋಗುಣಿ ಹಿಡಿದು ಹೋದೆ.

ಬಾಗಿಲು ತೆರೆದವನು ಅವನೇ. ಬೋಗುಣಿ ನೋಡಿ, ಒಮ್ಮೆ ಮೆಟ್ಟಿಲ ಕಡೆ ತಿರುಗಿ ನೋಡಿದ. ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡು, ನಿಂತಲ್ಲೇ, ಒಂದು ಎಳೆಯೂ ಉಳಿಯದಂತೆ ಕುಡಿದ. ಅಷ್ಟರಲ್ಲಿ ಅವನ ತಾಯಿ ಮೆಟ್ಟಿಲಿಳಿದು ಬಂದರು. ಖಾಲಿ ಬೋಗುಣಿ ಕಂಡು ಗೋಡೆ ಹಿಡಿದುಕೊಂಡರು.

"ಸಾರನ್ನ ನಾಳೆಗೆ ಅಂತ ಇಟ್ಟಿದ್ದೆ," ಎಂದರು ತಮ್ಮ ಒಡಕು ಇಂಗ್ಲಿಷಿನಲ್ಲಿ. "ಪರೀಕ್ಷೆ ದಿನ, ಪಂದ್ಯದ ದಿನ ಇದನ್ನ ಕೊಡಲ್ಲ. ಕುಡಿದ್ರೆ ಜಾರುತ್ತೆ ಅಂತಾರೆ."

ಬಚ್ಚಲ ಕಲ್ಲಿನ ಪಾಚಿಯ ಮೇಲೆ ಜಾರಿ ಬೆಳೆದ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

"ಚೆನ್ನಾಗಿತ್ತು ನೂನಾ, ಸ್ವಲ್ಪ ಉಪ್ಪು ಜಾಸ್ತಿ," ಎಂದ ಅವನು, ಬ್ಯಾಗು ಹೆಗಲಿಗೇರಿಸುತ್ತ.

ಮಧ್ಯಾಹ್ನ ಅವನ ತಾಯಿ ಒಂದು ಬುಟ್ಟಿ ಬೆಳ್ಳುಳ್ಳಿ ಹಿಡಿದು ನಮ್ಮ ಅಡುಗೆಮನೆಗೆ ಬಂದು ಕುಳಿತರು. ಮಗ ಆಡುವುದನ್ನು ಅವರು ಕಣ್ಣಾರೆ ನೋಡುವುದಿಲ್ಲವಂತೆ, ಬೆಳ್ಳುಳ್ಳಿ ಸುಲಿಯುತ್ತಾರಂತೆ. ಸ್ಕೂಲಿನ ಫೈನಲ್ಲಿನಿಂದ ಶುರುವಾದ ಅಭ್ಯಾಸ. ಇಲ್ಲಿ ಅವನು ಮೊದಲ ಗೋಲು ಹೊಡೆದಾಗ ಇಪ್ಪತ್ತು ಗಡ್ಡೆ ಮುಗಿದಿತ್ತು. ದೇಶದ ತಂಡಕ್ಕೆ ಆಡಿದ ದಿನ ಪಂದ್ಯ ಪೆನಾಲ್ಟಿಯವರೆಗೆ ಎಳೆದು, ಬೆಳ್ಳುಳ್ಳಿ ಸಾಲದೆ ಪಕ್ಕದವರ ಮನೆಯಿಂದ ತರಿಸಿದ್ದರಂತೆ. ನಾನೂ ಒಂದು ಗಡ್ಡೆ ಎತ್ತಿಕೊಂಡೆ.

"ಇನ್ನೂ ಬೆಂಚಲ್ಲೇ ಕೂತಿದಾನೆ," ಎಂದು ಹನ್ನೆರಡು ವರ್ಷದ ಮಗಳು ಟಿವಿ ಮುಂದಿನಿಂದ ಕೂಗಿ ವರದಿ ಮಾಡುತ್ತಿದ್ದಳು. ಸ್ಕೋರು ಒಂದು–ಒಂದು. ಇನ್ನು ಹದಿನೈದು ನಿಮಿಷ ಎನ್ನುವಾಗ, "ಅಮ್ಮಾ, ಕಮಿಂಗ್ ಆನ್, ಇಳೀತಿದಾನೆ, ಬಾ ಬೇಗ," ಎಂದಳು. ನಾನು ಬಾಗಿಲ ಬಳಿ ನಿಂತೆ. ಅವನ ತಾಯಿ ಹಿಂದಿನಿಂದ ನನ್ನ ಸೆರಗಿಲ್ಲದ ಕುರ್ತಾದ ತುದಿ ಹಿಡಿದು, "ಹೇಳುತ್ತಿರು," ಎಂದರು.

ಚೆಂಡು ಅವನ ಕಡೆ ಬಂತು. ಓಡಿದ. ತಿರುಗುವಾಗ ಕಾಲು ಸರ್ರನೆ ಜಾರಿ, ಉದ್ದಕ್ಕೆ ಬಿದ್ದ.

ನಾನು ಕಣ್ಣು ಮುಚ್ಚಿಕೊಂಡೆ. ಕುರ್ತಾ ಬಿಗಿಯಾಯಿತು. "ಏನಾಯ್ತು? ಏನಾಯ್ತು ಹೇಳು," ಎನ್ನುತ್ತಿದ್ದರು. ಒಂದು ಬೋಗುಣಿ ಸಾರಿನಿಂದ ಈ ಹುಡುಗನ ಇಷ್ಟು ವರ್ಷದ ಆಟ ಮುಗಿಸಿದೆನೇನೋ ಎನ್ನಿಸಿತು.

ಆಗ ಮಗಳು ಸೋಫಾ ಹತ್ತಿ ಕಿರುಚಿದಳು. ಕಣ್ಣು ಬಿಡುವಾಗ ಅವನು ಕೈಯೆರಡೂ ಚಾಚಿ ಮೂಲೆಯ ಬಾವುಟದ ಕಡೆ ಓಡುತ್ತಿದ್ದ. ಚೆಂಡು ಬಲೆಯಲ್ಲಿತ್ತು. "ಬಿದ್ದ, ಎದ್ದ, ಹೊಡೆದ," ಎಂದು ಮಗಳು ಡಚ್, ಇಂಗ್ಲಿಷ್, ಕನ್ನಡ ಮೂರೂ ಸೇರಿಸಿ ಅರಚುತ್ತಿದ್ದಳು. ಅವನ ತಾಯಿ ನನ್ನನ್ನು ಅಪ್ಪಿಕೊಂಡರು. ಅವರ ಕೈಯ ಬೆಳ್ಳುಳ್ಳಿ ಸಿಪ್ಪೆಗಳೆಲ್ಲ ನನ್ನ ಕೂದಲಿಗೆ ಅಂಟಿದವು. ಆಮೇಲೆ ಮೊದಲ ಸಲ ಎದ್ದು ಬಂದು, ಮರುಪ್ರಸಾರವಾಗುತ್ತಿದ್ದ ಗೋಲನ್ನು ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. ಜಾರುವ ಭಾಗ ಬಂದಾಗ ಮಾತ್ರ ಚಾವಣಿ ನೋಡಿದರು.

ಆರು ಗಂಟೆಗೆ ಕಸ ಹಾಕಲು ಹೊರಗೆ ಹೋದೆ. ಎದುರು ಮನೆಯ ಡಚ್ ತಾತ, ಕುತ್ತಿಗೆಗೆ ಕ್ಲಬ್ಬಿನ ಶಾಲು ಸುತ್ತಿಕೊಂಡೇ ಸೈಕಲ್ಲಿಗೆ ಬೀಗ ಹಾಕುತ್ತಿದ್ದರು. ಅವರು ಯಾವ ಪಂದ್ಯವನ್ನೂ ತಪ್ಪಿಸುವುದಿಲ್ಲ, ಯಾರನ್ನೂ ಹೊಗಳುವುದೂ ಇಲ್ಲ.

"ಒಳ್ಳೇ ಗೋಲು, ಅಲ್ವಾ," ಎಂದೆ.

"ಗೋಲು ಬಿಡಿ, ಯಾರಾದ್ರೂ ಹೊಡೀತಿದ್ರು," ಎಂದರು ಕೀಲಿ ಜೇಬಿಗೆ ಹಾಕಿಕೊಳ್ಳುತ್ತ. "ಬಿದ್ದೋನು ಆಪರೇಷನ್ ಆದ ಕಾಲನ್ನೇ ಊರಿ ಎದ್ದ. ಅವನಿಗೇ ಅದು ಗೊತ್ತಾಗಲಿಲ್ಲ, ಕೋಚಿಗೆ ಗೊತ್ತಾಯ್ತು."