ಎಂಟನೇ ನಂಬರ್ ಕಲ್ಲು

ಚಿಕ್ಕಮಾರಯ್ಯನವರಿಗೆ ಈಗ ಎಪ್ಪತ್ತೆರಡು. ಮೂವತ್ತೊಂದು ವರ್ಷ ಟೆಲಿಫೋನ್ ಕೇಬಲ್ ಹೂಳುವ ಕೆಲಸ ಮಾಡಿದವರು. ಅದೇ ಗ್ಯಾಂಗಿನಲ್ಲಿ ನಮ್ಮ ಯಜಮಾನರು ಪುಟ್ಟರಂಗಯ್ಯನವರು ಕೇಬಲ್ ಬೆಸೆಯುತ್ತಿದ್ದರು, ನಾನು ಮಣ್ಣು ಹೊರುತ್ತಿದ್ದೆ. ಮೂರೂವರೆ ಅಡಿ ಗುಂಡಿ, ಕೇಬಲ್ ಮೇಲೆ ಮರಳು, ಮರಳಿನ ಮೇಲೆ ಇಟ್ಟಿಗೆ, ಆಮೇಲೆ ಮಣ್ಣು. ಒಂದು ಡ್ರಮ್ಮಿನ ಕೇಬಲ್ ಮುಗಿದು ಇನ್ನೊಂದು ಸೇರುವ ಕಡೆ, ತಲೆ ಚೂಪಾಗಿ ಕಡೆದ ಕಲ್ಲು ನೆಟ್ಟು ನಂಬರ್ ಕೊರೆಯುತ್ತಿದ್ದರು. ಗುಬ್ಬಿಯಿಂದ ಕುಣಿಗಲ್ ಕಡೆಗೆ ಹೋಗುವ ಕೇಬಲ್ ಚಿಕ್ಕಮಾರಯ್ಯನವರ ಊರಿನ ಕಾವಲಿನ ಹುಲ್ಲುಗಾವಲಿನಲ್ಲಿ ಹಾದು ಹೋಗಿತ್ತು.

ಈಗ ಆ ಕೇಬಲ್ ಸತ್ತು ಎಷ್ಟೋ ವರ್ಷವಾಗಿದೆ. ಕಾವಲು ಅರಣ್ಯ ಇಲಾಖೆಯ ರಕ್ಷಣೆಗೆ ಸೇರಿದೆ. ತಾಮ್ರದ ಆಸೆಗೆ ಕಳ್ಳರು ಅಲ್ಲಲ್ಲಿ ಅಗೆದು ಗುಂಡಿ ಹಾಗೇ ಬಿಟ್ಟು ಹೋಗುತ್ತಾರೆ. ಒಂದು ಜಿಂಕೆ ಬಿದ್ದು ಕಾಲು ಮುರಿದುಕೊಂಡ ಮೇಲೆ, ಕೇಬಲ್ ಪೂರ್ತಿ ತೆಗೆಸಿಬಿಡುವುದು ಎಂದಾಯಿತು. ಆದರೆ ತೆಗೆಯುವ ಮೊದಲು, ಅಗೆದರೆ ಹುಲ್ಲಿಗೆ, ಹಕ್ಕಿಗೆ, ಪ್ರಾಣಿಗೆ ಏನು ನಷ್ಟ ಎಂದು ನೋಡಿ ವರದಿ ಕೊಡಬೇಕಂತೆ. ಅದಕ್ಕೆ ತುಮಕೂರಿನಿಂದ ಅಕ್ಷತಾ ಎಂಬ ಹುಡುಗಿ ಎರಡು ತಿಂಗಳು ಓಡಾಡಿದಳು. ಕೇಬಲ್ ತುಂಡು ತುಂಡಾಗಿದ್ದರಿಂದ ಹುಡುಕುವ ಮಷಿನ್ನಿಗೆ ಸಿಕ್ಕಲಿಲ್ಲ. ಕಲ್ಲುಗಳನ್ನೇ ನಂಬಿ ನಕ್ಷೆ ಬರೆದರು.

ಪುಷ್ಯದಲ್ಲಿ ಒಂದು ಬೆಳಿಗ್ಗೆ ಚಿಕ್ಕಮಾರಯ್ಯ ಮರಳೂರಿಗೆ, ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟೆ. ಕುಡಿಯಲಿಲ್ಲ.

"ಅತ್ಗೆಮ್ಮ, ಎಂಟನೇ ಕಲ್ಲು ಗ್ಯಾಪ್ಕ ಐತಾ?"

ನೆನಪಿತ್ತು. ಕೇಬಲ್ ಹೂಳಿದ ಆ ವರ್ಷ ದನಗಳಿಗೆ ಕಾಲುಬಾಯಿ ಜ್ವರ ಬಂದು ಕಾವಲಿನ ಪಕ್ಕದ ದನಗಾಹಿಗಳ ಹಟ್ಟಿಯವರು ಕಂಗಾಲಾಗಿದ್ದರು. ಕಲ್ಲು ನಿಲ್ಲಿಸಿ, ಬೇವಿನ ನೀರು ಚಿಮುಕಿಸಿ, ದನಗಳನ್ನು ಮೂರು ಸುತ್ತು ಹಾಕಿಸಬೇಕು ಎಂದು ಹಿರಿಯರು ಹೇಳಿದರು. ಒಳ್ಳೆಯ ಕಲ್ಲು ಕಡೆಸುವಷ್ಟು ಹೊತ್ತಿರಲಿಲ್ಲ. ಚಿಕ್ಕಮಾರಯ್ಯ, ನಮ್ಮ ಯಜಮಾನರು ಇಬ್ಬರೂ ಸೇರಿ ಎಂಟನೇ ನಂಬರ್ ಕಲ್ಲನ್ನು ಗಾಡಿಗೆ ಹಾಕಿ, ಹಳ್ಳದ ದಿಬ್ಬದ ಮೇಲೆ ನೆಟ್ಟುಕೊಟ್ಟರು. ಬೇರೆ ಕಲ್ಲು ಬಂದ ಮೇಲೆ ಜಾಗಕ್ಕೆ ಹಾಕಿದರಾಯಿತು ಎಂದುಕೊಂಡರು. ಬೇರೆ ಕಲ್ಲು ಬರಲೇ ಇಲ್ಲ. ರಿಜಿಸ್ಟರಿನಲ್ಲಿ ಎಂಟನೆಯದೂ ಜಾಗದಲ್ಲೇ ನೆಟ್ಟಿದೆ ಎಂದು ಬರೆಸಿಬಿಟ್ಟರು. ಹಟ್ಟಿಯವರಿಗೆ ಅದು ದೇವರ ಕಲ್ಲಾಯಿತು. ಅರಿಶಿನ ಕುಂಕುಮದ ಕೆಳಗೆ ನಂಬರ್ ಮುಚ್ಚಿಹೋಯಿತು.

"ಆ ಹುಡ್ಗಿ ಕಲ್ಲಿನ್ ಆಕಾರ ನೋಡಿ ಕೇಬಲ್ ಕಲ್ಲು ಅಂತ ಕಂಡುಹಿಡ್ದವ್ಳೆ. ನಿಂತಿರೋ ಕಡೇನೇ ಕೇಬಲ್ ಐತೆ ಅನ್ಕಂಡವ್ಳೆ. ದಿಬ್ಬುದ್ ಬಗ್ಲಲ್ಲಿ ಜೆಸಿಬಿ ಇಕ್ತಾರೆ. ಅಲ್ಲಿ ತೋಳ ಮರಿ ಹಾಕೈತೆ, ನಾಕು ಮರಿ."

"ಹೇಳಿಬಿಡಿ ಮತ್ತೆ."

"ಹೇಳುದ್ರೆ ಪುಟ್ಟರಂಗಣ್ಣನ ಹೆಸ್ರೂ ಬರ್ತದೆ. ಅದ್ಕೇ ಬಂದೆ. ಆಮೇಲೆ ಹಟ್ಟಿಯೋರು ನನ್ ಮೊಕ ನೋಡ್ತಾರಾ? ಅವ್ರ ಹಾಲು ಮಜ್ಜಿಗೇಲೇ ಬದುಕಿರೋನು ನಾನು."

ಹೋದವರಿಗೆ ಅದರಿಂದ ಆಗುವುದೇನಿಲ್ಲ, ಹೇಳಿ ಎಂದೆ. ಶುಕ್ರವಾರ ಊರಲ್ಲಿ ಮೀಟಿಂಗು. ನಾನೂ ಹೋದೆ.

ಶಾಲೆಯ ಜಗುಲಿಯಲ್ಲಿ ನಕ್ಷೆ ಹರಡಿದ್ದರು. ಅಧಿಕಾರಿಯೊಬ್ಬರು, ಪೂಜೆ ಕಲ್ಲು ಮುಟ್ಟುವುದಿಲ್ಲ, ಪಕ್ಕದಲ್ಲಿ ಅಗೆಯುತ್ತೇವೆ ಎಂದರು. ತೋಳದ ಗವಿ ಹತ್ತಿರವೇ ಇದೆ ಎಂದು ಅಕ್ಷತಾ ಹೇಳಿದ್ದಕ್ಕೆ, ಬೇರೆ ದಾರಿ ಇಲ್ಲವಲ್ಲಮ್ಮ ಎಂದರು. ಆಗ ಚಿಕ್ಕಮಾರಯ್ಯ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಏನೂ ಬಿಡಲಿಲ್ಲ.

ಹಟ್ಟಿಯ ನಿಂಗಮ್ಮ ಎದ್ದಳು. ಅಂದು ಕಲ್ಲು ಕೇಳಿದ್ದು ಅವಳ ಮಾವನೇ.

"ಏನ್ಲಾ ಮಾರ, ನಲವತ್ತೊರ್ಸ ನಾವು ಟೆಲಿಫೋನಿಗೆ ಕೈ ಮುಗುದ್ವೇನ್ಲಾ?"

"ಅದ್ಕೇ ಕಣಮ್ಮೋ, ಕೇಳಿದ್ದೆಲ್ಲಾ ದೇವ್ರಿಗೆ ನೆಟ್ಟಗೆ ಮುಟ್ಟಿರೋದು!" ಎಂದು ಹಿಂದಿನಿಂದ ಊರಿನ ಯಲ್ಲಯ್ಯ ಕೂಗಿದ. ಜನ ನಕ್ಕರು. ನಿಂಗಮ್ಮ ನಗಲಿಲ್ಲ.

"ತೋಳ ಈ ವರ್ಸ ನನ್ ಎರಡು ಕುರಿ ತಿಂದೈತೆ. ಅದ್ರ ಮರಿ ಉಳ್ಸಕ್ಕೆ ನಮ್ ದೇವ್ರ ಮಾನ ತೆಗೀತೀಯಾ?"

"ಮಾನ ನಂದು ಹೋಯ್ತದೆ ನಿಂಗವ್ವ, ದೇವ್ರುದ್ದಲ್ಲ. ಸುಳ್ಳು ಹೇಳ್ದೋನು ನಾನು" ಎಂದರು ಚಿಕ್ಕಮಾರಯ್ಯ.

ಬಾಯಿಮಾತು ಸಾಲದು, ಜಾಗ ತೋರಿಸಿ ಎಂದು ಅಧಿಕಾರಿ ಹೇಳಿದರು. ಎಲ್ಲರೂ ಕಾವಲಿಗೆ ಹೋದೆವು. ಚಿಕ್ಕಮಾರಯ್ಯ ಏಳನೇ ಕಲ್ಲಿಗೆ ಬೆನ್ನು ಕೊಟ್ಟು ನಿಂತು, ದೂರದ ಗುಡ್ಡದ ನೆತ್ತಿಗೆ ಕಣ್ಣಿಟ್ಟು ಹೆಜ್ಜೆ ಎಣಿಸುತ್ತಾ ನಡೆದರು. ಒಂದು ಡ್ರಮ್ಮಿನ ಕೇಬಲ್ಲಿಗೆ ಇನ್ನೂರ ಅರವತ್ತನಾಲ್ಕು ಹೆಜ್ಜೆ. ಹಾರೆ ಹಾಕಿದರು. ನಾಲ್ಕು ಅಡಿ ಹೋದರೂ ಬರೀ ಮಣ್ಣು. ಬಿದರೆಹಳ್ಳದ ಕಾರ್ಖಾನೆ ಕಡೆಯಿಂದ ಹೆಲಿಕಾಪ್ಟರ್ ಒಂದು ತಲೆ ಮೇಲೆ ಸುತ್ತು ಹಾಕಿ ಹೋಯಿತು.

"ಮುದುಕಪ್ಪಂಗೆ ಅರಳುಮರುಳು" ಎಂದ ಯಾವನೋ.

ಚಿಕ್ಕಮಾರಯ್ಯ ಮತ್ತೆ ಎಣಿಸಲು ಏಳನೇ ಕಲ್ಲಿನ ಕಡೆ ತಿರುಗಿದರು. ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಗ್ಯಾಂಗಿನಲ್ಲಿ ಟೇಪು ಒಂದೇ ಇದ್ದದ್ದು, ಅದು ಸೂಪರ್‌ವೈಸರ್ ಹತ್ತಿರ. ನಮ್ಮವರೆಲ್ಲ ಹೆಜ್ಜೆಯಲ್ಲೇ ಅಳೆಯುತ್ತಿದ್ದರು. ಹೆಜ್ಜೆ ಎಂದರೆ ಎರಡೂವರೆ ಅಡಿ, ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲ. ಈಗ ಇವರು ಕಾಲೆಳೆದು ಇಡುವ ಹೆಜ್ಜೆ ಎರಡು ಅಡಿಯೂ ಬರುವುದಿಲ್ಲ.

"ಲೆಕ್ಕ ಸರಿ ಐತೆ ಕಣವ್ವ, ಕಾಲು ಸೋತವೆ. ಒಂದು ಹೆಜ್ಜೆಗೆ ಎರಡೂವರೆ ಅಡಿ ಹಾಕಿ ಅಳಿ" ಎಂದು ಅಕ್ಷತಾಗೆ ಹೇಳಿದೆ.

ಅವಳು ಲೆಕ್ಕ ಹಾಕಿದಳು. ಆರುನೂರ ಅರವತ್ತು ಅಡಿ. ಏಳನೇ ಕಲ್ಲಿನಿಂದಲೇ ಟೇಪು ಹಿಡಿದರು. ಮೊದಲಿನ ಗುಂಡಿಯಿಂದ ಇನ್ನೂ ನೂರ ನಲವತ್ತು ಅಡಿ ಆಚೆಗೆ ಹೋಯಿತು. ಅಲ್ಲಿ ಹಾರೆ ಮೂರಡಿಗೆ ಠಣ್ ಎಂದಿತು. ಇಟ್ಟಿಗೆ. ಅದರ ಕೆಳಗೆ ಮರಳು, ಮರಳಿನ ಕೆಳಗೆ ಕರಿ ಕೇಬಲ್. ಮೊದಲು ಅಗೆದ ಕಡೆಯದನ್ನು ಕಳ್ಳರು ಎಂದೋ ಕಿತ್ತುಕೊಂಡು ಹೋಗಿ, ಗುಂಡಿ ಮಳೆಗೆ ಮುಚ್ಚಿಹೋಗಿರಬೇಕು. ಅಲ್ಲಿಂದ ದಿಬ್ಬ ಅರ್ಧ ಮೈಲಿ ದೂರ. ಅಕ್ಷತಾ ನಕ್ಷೆಯಲ್ಲಿ ಹಳೆಯ ಗೆರೆ ಹೊಡೆದು ಹಾಕಿ ಹೊಸದನ್ನು ಎಳೆದಳು. ತೋಳದ ಮರಿಗಳು ಗವಿ ಬಿಡುವವರೆಗೆ ಕೆಲಸ ಬೇಡ, ಯುಗಾದಿ ಕಳೆದ ಮೇಲೆ ಗುದ್ದಲಿಯಲ್ಲೇ ಅಗೆಯಬೇಕು, ಜೆಸಿಬಿ ಕೂಡದು ಎಂದು ವರದಿಯಲ್ಲಿ ಬರೆದಳು. ಅದು ಹಾಗೇ ಮಂಜೂರೂ ಆಯಿತು.

ಹಟ್ಟಿಯಿಂದ ಚಿಕ್ಕಮಾರಯ್ಯನವರ ಮನೆಗೆ ಹದಿನೇಳು ದಿನ ಮಜ್ಜಿಗೆ ಬರಲಿಲ್ಲ. ಹದಿನೆಂಟನೇ ದಿನ ನಿಂಗಮ್ಮ ತಾನೇ ಬಂದಳಂತೆ. ಚೊಂಬು ಕೆಳಗಿಡದೆ ಬಾಗಿಲಲ್ಲೇ ಕೇಳಿದಳಂತೆ:

"ಅವತ್ತು ಕಲ್ಲು ನೆಟ್ಟ ಮ್ಯಾಲೆ ನಮ್ ದನ ಉಳೀತಾ ಇಲ್ವಾ, ಅದುನ್ನೇಳು."

"ಉಳೀತು."

"ಮತ್ತೆ ಒಂದಿನಾನೂ ನೀನು ಅದುಕ್ಕೆ ಕೈ ಮುಗುದಿದ್ದು ನಾ ಕಾಣೆ."

"ನಂಗೆ ನಂಬರ್ ಕಾಣ್ತಿತ್ತು ಕಣವ್ವ" ಎಂದರಂತೆ ಚಿಕ್ಕಮಾರಯ್ಯ.

ನಿಂಗಮ್ಮ ಚೊಂಬು ಕೈಗೆ ಕೊಟ್ಟು, "ಕುಡುದು ಎದ್ದು ಬಾ. ದನ ಸುತ್ತು ಹಾಕುಸ್ಬೇಕು, ನೀರು ಚಿಮುಕ್ಸೋರಿಲ್ಲ" ಎಂದಳಂತೆ.