ಆಮೀನ್ ಹೇಳಲು ಬಂದವರು

ದೆವ್ವ, ಆತ್ಮ ಎಂದರೆ ಮೊದಲು ನಗುತ್ತಿದ್ದವಳು ನಾನೇ. ಮೈಸೂರಿನಲ್ಲಿ ನಮ್ಮತ್ತೆ ಇಂಥ ಕಥೆ ಶುರು ಮಾಡಿದರೆ, "ಅವಕ್ಕೆ ಬೇರೆ ಕೆಲಸ ಇಲ್ವಾ ಅತ್ತೆ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಮಸ್ಕತ್ತಿಗೆ ಬಂದು ಮಕ್ಕಳಿಗೆ ವಿಜ್ಞಾನ ಪಾಠ ಮಾಡತೊಡಗಿದ ಮೇಲಂತೂ ಕೇಳುವುದೇ ಬೇಡ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ.

ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ, ಕೆಳಗಿನ ಫ್ಲಾಟಿನಲ್ಲಿ ಸಾಲೊಮನ್ ಕಾಕಾ ಒಬ್ಬರೇ ಇದ್ದರು. ಮುಂಬೈ ಕಡೆಯ ಯಹೂದಿ. ತಂದೆ ರೈಲ್ವೆಯಲ್ಲಿದ್ದುದರಿಂದ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಮಬೇಲಾದ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸ. ಕಿವಿ ಮಂದ, ಯಂತ್ರ ಹಾಕಿಕೊಳ್ಳುತ್ತಿದ್ದರು. ಆ ವರ್ಷ ಮುಂಬೈಯಲ್ಲಿ ಅವರ ತಾಯಿ ತೀರಿಕೊಂಡಿದ್ದರು.

ತಾಯಿ ಹೋದ ವರ್ಷ ಮಗ ಕದ್ದಿಶ್ ಎಂಬ ಪ್ರಾರ್ಥನೆ ಹೇಳಬೇಕು, ಅದಕ್ಕೆ ಸೇರಿದವರು ಆಮೀನ್ ಎನ್ನಬೇಕು. ಹತ್ತು ಮಂದಿ ಯಹೂದಿ ಗಂಡಸರು ಕೂಡದೆ ಅದನ್ನು ಹೇಳುವಂತಿಲ್ಲ. ಮುಂಬೈಯಲ್ಲಾದರೆ ಅವರ ಪ್ರಾರ್ಥನಾ ಮಂದಿರ, ಸಿನಗಾಗ್ ಇದೆ, ಇಲ್ಲೆಲ್ಲಿ? ಕಾಕಾ ಮನೆಯಲ್ಲೇ ಪ್ರಾರ್ಥನೆ ಮಾಡಿ, ಕದ್ದಿಶ್ ಬರುವಲ್ಲಿ ಸುಮ್ಮನೆ ನಿಂತು, ಆಮೇಲೆ ಹಾಳೆ ತಿರುಗಿಸುತ್ತಿದ್ದರು. "ಅವ್ವನ ಋಣ ಹಂಗs ಉಳೀತು ನೋಡವಾ" ಎಂದು ಒಮ್ಮೆ ಕಣ್ಣು ಒರೆಸಿಕೊಂಡದ್ದು ನೆನಪಿದೆ.

ಅವರ ಸುಕ್ಕೋತ್ ಹಬ್ಬದ ಕೊನೆಯ ದಿನ, ಬೆಳಿಗ್ಗೆ ಹಣ್ಣು ಕೊಡಲು ಇಳಿದು ಹೋದೆ. ಬಾಗಿಲು ತೆರೆದೇ ಇತ್ತು. ಕಿವಿಯ ಯಂತ್ರದ ಬ್ಯಾಟರಿ ಮುಗಿದಿತ್ತು. ಹೊಸದು ಮೇಜಿನ ಮೇಲೇ ಇತ್ತು.

"ನಾನು ಹಾಕಿಕೊಡ್ತೀನಿ ಕಾಕಾ," ಎಂದು ಸನ್ನೆ ಮಾಡಿದೆ.

"ಹಬ್ಬದ ದಿನಾ ಅದನ್ನ ಮುಟ್ಟಾಂಗಿಲ್ಲ. ನಿನ್ನ ಕೈಲೆ ಮಾಡಿಸಿದ್ರೂ ನಾ ಮಾಡಿಧಂಗs. ನೀ ಕೂಡವಾ, ಯಾರರೆ ಬಂದ್ರ ನನಗ ಕೇಳಂಗಿಲ್ಲ."

ಹಿಂದೂ, ಅದರಲ್ಲೂ ಹೆಂಗಸು. ನಾನು ಅಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸೋಫಾದಲ್ಲಿ ಕೂತೆ. ಕಾಕಾ ಶಾಲು ಹೊದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತರು.

ಸ್ವಲ್ಪ ಹೊತ್ತಿನಲ್ಲಿ ಅವರ ಧ್ವನಿ ನಿಂತಿತು. ಕದ್ದಿಶ್ ಬಂತೆಂದು ನನಗೆ ತಿಳಿಯಿತು. ಆಗ ನನ್ನ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಇನ್ನೊಬ್ಬರು ಕೆಮ್ಮಿದರು. ಬಟ್ಟೆಯ ಸರಪರ, ಕಾಲು ಬದಲಿಸಿ ನಿಲ್ಲುವ ಸದ್ದು. ಮಂಗಳಾರತಿಗೆ ಕಾದು ನಿಂತ ಜನರ ಗುಜುಗುಜು ಇರುತ್ತದಲ್ಲ, ಅದೇ. ತಿರುಗಿ ನೋಡಿದೆ. ಫ್ರಿಜ್, ಚಪ್ಪಲಿ ಸ್ಟ್ಯಾಂಡ್, ತೆರೆದ ಬಾಗಿಲು. ಒಂದು ನರಪಿಳ್ಳೆಯೂ ಇಲ್ಲ. ಮುಂದಕ್ಕೆ ತಿರುಗಿದೆ, ಮತ್ತೆ ಕೆಮ್ಮು. ಕಾಕಾ ಇನ್ನೂ ಹಾಗೆಯೇ ನಿಂತಿದ್ದರು. ಎ.ಸಿ.ಯ ಸದ್ದು ಬೇರೆಯಾಗಿಯೇ ಕೇಳುತ್ತಿತ್ತು.

ಎದ್ದೆ. ಹೋಗಿ ಕಾಕಾನ ಮೊಣಕೈ ಮುಟ್ಟಿ, ಹಿಂದೆ ನೋಡಿ ಎಂದು ತೋರಿಸಿದೆ. ಪ್ರಾರ್ಥನೆಯ ನಡುವೆ ಮಾತಾಡುವಂತಿಲ್ಲವಲ್ಲ, ಅಂಗೈ ಎತ್ತಿ ತಡೆದರು. ಒಮ್ಮೆ ಬಾಗಿಲ ಕಡೆ ನೋಡಿದರು, ಯಾರೂ ಕಾಣಲಿಲ್ಲ. ಹಾಳೆ ತಿರುಗಿಸಿಬಿಟ್ಟರು. ಹಿಂದೆ ಒಂದು ದೊಡ್ಡ ನಿಟ್ಟುಸಿರು. ಆಮೇಲೆ ಹೆಜ್ಜೆಗಳು ಒಂದೊಂದಾಗಿ ಹೊರಗೆ ಹೋದವು.

ಎಲ್ಲ ಮುಗಿದ ಮೇಲೆ ಕಿವಿಯ ಹತ್ತಿರ ಕೂಗಿ ಕೂಗಿ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತರು.

"ಗಂಡಸರs ಏನು?"

"ಹೌದು ಕಾಕಾ, ತುಂಬಾ ಜನ."

"ಅಯ್ಯೋ, ನಾ ಶುರು ಮಾಡ್ಲೇ ಇಲ್ಲಲ್ಲವಾ!" ಎಂದು ತಲೆ ಹಿಡಿದುಕೊಂಡರು. ತೆರೆದ ಬಾಗಿಲ ಕಡೆ ನೋಡಿ ಕೇಳಿದರು, "ಭಾಳ ಹೊತ್ತು ಕಾದ್ರೇನು?"

"ಇಲ್ಲ ಕಾಕಾ, ಒಂದು ಗಳಿಗೆ ಅಷ್ಟೆ."

ಆಮೇಲೆ ಎಷ್ಟೋ ದಿನ ಬೆಳಿಗ್ಗೆ ಹೊಸ ಬ್ಯಾಟರಿ ಹಾಕಿಕೊಂಡು, ನನ್ನನ್ನೂ ಕೂರಿಸಿಕೊಂಡು ಪ್ರಾರ್ಥನೆಗೆ ನಿಂತರು. ಯಾರೂ ಬರಲಿಲ್ಲ. ತಾಯಿಯ ವರ್ಷ ಹಾಗೆಯೇ ಮುಗಿಯಿತು. ಕೆಲಸ ಬಿಟ್ಟು ಮುಂಬೈಗೆ ಹೋದರು, ಅಲ್ಲಿಯೇ ತೀರಿಕೊಂಡರೆಂದು ಕೇಳಿದೆ.

ಮೆಟ್ಟಿಲ ಮೇಲಿನ ಸದ್ದು, ಪೈಪಿನ ಸದ್ದು, ನನ್ನದೇ ಭ್ರಮೆ ಎಂದು ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಯಾವುದೂ ಒಪ್ಪಿಗೆಯಾಗಿಲ್ಲ. ಬಂದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಒಂದು ಗಳಿಗೆ ಎಂದು ಕಾಕಾನಿಗೆ ನಾನು ಹೇಳಿದ್ದು ನಿಜವಲ್ಲ. ಬಂದವರು ಬಹಳ ಹೊತ್ತು ಕಾದಿದ್ದರು.