ಎರಡೂ ಕೈಗೆ ಎಡಗೈ ಗ್ಲೌಸು

ದೊಡ್ಡಬಳ್ಳಾಪುರದ ಖಾಸಗಿ ಆಸ್ಪತ್ರೆಯೊಂದರ ಹಿಂಬಾಗಿಲು. ಈಗಷ್ಟೇ ಬೆಳಕು ಹರಿಯುತ್ತಿದೆ. ಆಯಾ ಅನ್ವರ್ ಬೇಗಂ ಎಡಗೈಯ ರಬ್ಬರ್ ಗ್ಲೌಸೊಂದನ್ನು ಒಳಮೈ ಹೊರಗೆ ಬರುವಂತೆ ಮಗುಚಿ, ಬಲಗೈಗೆ ಏರಿಸುತ್ತಾರೆ. ಕಸದ ಚೀಲ ಕಟ್ಟುವುದು, ಎಳೆಯುವುದು ಎಲ್ಲ ಬಲಗೈಯೇ. ಹಾಗಾಗಿ ಬಲಗೈ ಗ್ಲೌಸು ಮೊದಲು ಹರಿಯುತ್ತದೆ, ಎಡಗೈಯವು ಉಳಿಯುತ್ತವೆ. ಹೊಸ ಜೊತೆ ಬರುವವರೆಗೆ ಇದು ಇಲ್ಲಿನ ಆಯಾಗಳೇ ಕಂಡುಕೊಂಡ ಉಪಾಯ.

"ಏನ್ ಬೇಗಂ, ಎರಡೂ ಎಡಗೈ ಆದ್ರೆ ತಿಂಡಿ ಯಾವ್ ಕೈಲಿ ತಿಂತೀಯ?" ಜೊತೆಗಾತಿ ಲಕ್ಕಮ್ಮ ಕೆಣಕುತ್ತಾರೆ.

"ನೀನೇ ತಿನ್ಸು ಬಾ."

ಮಾತಿಗಷ್ಟೇ. ತಿಂಡಿಯ ಹೊತ್ತಿಗೆ ಅನ್ವರ್ ಬೇಗಂ ಡಬ್ಬಿ ಹಿಡಿದು ಮೆಟ್ಟಿಲ ಕೆಳಗೆ ಒಬ್ಬರೇ ಕೂರುತ್ತಾರೆ. ಯಾರೂ ಹಾಗೆ ಕೂರಲು ಹೇಳಿಲ್ಲ. ಲಕ್ಕಮ್ಮ ಮೊದಮೊದಲು ಜಗಳವಾಡಿದರು, ಈಗ ಕರೆಯುವುದನ್ನು ಬಿಟ್ಟಿದ್ದಾರೆ.

ಮಗ್ಗದ ಕೆಲಸಗಾರ ಗಂಡ ತೀರಿಕೊಂಡ ಮೇಲೆ ಬೇಗಂ ಈ ಕೆಲಸಕ್ಕೆ ಬಂದರು. ಮೂವತ್ತು ಹಾಸಿಗೆಗಳ ಆಸ್ಪತ್ರೆ, ದಿನಕ್ಕೆ ಹತ್ತು ಹನ್ನೆರಡು ಚೀಲ. ಮಗುಚಿದ ಗ್ಲೌಸಿನ ಬಟ್ಟೆಯ ಪದರ ಹೊರಗಿರುತ್ತದೆ. ರಕ್ತ, ಕೀವು, ಏನು ತಾಗಿದರೂ ಹೀರಿಕೊಳ್ಳುತ್ತದೆ. ಸೂಜಿಗಳಿಗೆ ಬೇರೆಯೇ ಡಬ್ಬವಿದೆ. ಎರಡು ತಿಂಗಳ ಹಿಂದೆ ಯಾರೋ ಅವಸರದಲ್ಲಿ ಒಂದನ್ನು ಬ್ಯಾಂಡೇಜಿನ ಚೀಲಕ್ಕೆ ಎಸೆದಿದ್ದರು. ಚೀಲದ ಬಾಯಿ ಬಿಗಿಯುವಾಗ ಅದು ಗ್ಲೌಸು ದಾಟಿ ಬೆರಳಿಗೆ ಹೊಕ್ಕಿತು.

"ಯಾರ್ದು ಅಂತ ಗೊತ್ತಿದ್ರೆ ಅವ್ರಿಗೇನಿದೆ ಅಂತ ನೋಡ್ಬೋದಿತ್ತು. ಕಸಕ್ಕೆ ಹೆಸರಿರುತ್ತಾ?" ಎನ್ನುತ್ತಾರೆ ಬೇಗಂ.

ಮೊದಲ ರಕ್ತಪರೀಕ್ಷೆಯಲ್ಲಿ ಎಚ್‌ಐವಿಯಂಥದ್ದೇನೂ ಕಂಡಿಲ್ಲ. ಮೂರು ತಿಂಗಳಿಗೆ ಇನ್ನೊಮ್ಮೆ ನೋಡಬೇಕು. ಅಲ್ಲಿಯವರೆಗೆ ಖಾತ್ರಿಯಿಲ್ಲ.

ಸೂಜಿ ಚುಚ್ಚಿದ ವಾರವೇ ಮಗಳು ಸಿದ್ರಾಳಿಗೆ ಹೆರಿಗೆಯಾಯಿತು. ಮೊದಲ ಬಾಣಂತನ ತಾಯಿಯ ಮನೆಯದು. ಎಣ್ಣೆ, ಸಾಂಬ್ರಾಣಿ, ಹಳೆ ಸೀರೆಯ ಮೆತ್ತನೆ ತುಂಡುಗಳು, ಎಲ್ಲ ಸಿದ್ಧವಿದ್ದವು. ಬೇಗಂ ಅವನ್ನೆಲ್ಲ ಗಂಟು ಕಟ್ಟಿ, ಪಕ್ಕದ ಬೀದಿಯ ತಂಗಿ ಜಬೀನ್ ಮನೆಗೆ ಮಗಳನ್ನು ಒಪ್ಪಿಸಿದರು. ನಲವತ್ತನೇ ದಿನದ ಸ್ನಾನದಂದೂ ಅವರು ಗೇಟಿನ ಹೊರಗೇ ನಿಂತಿದ್ದರು.

ಮಗುವನ್ನು ಎತ್ತಿಕೊಂಡರೆ ಏನೂ ಹರಡುವುದಿಲ್ಲ ಎಂದು ನರ್ಸ್ ಅರ್ಪಿತ ಎಷ್ಟೋ ಸಲ ಹೇಳಿದ್ದಾರೆ. ಬೇಗಂ ಅದನ್ನು ಅಲ್ಲಗಳೆಯುವುದಿಲ್ಲ.

"ಆ ಹುಡ್ಗಿ ಹೇಳೋದು ನಿಜಾನೇ. ಆದ್ರೆ ಅವ್ಳಿಗೆ ರೋಗಿಯಿಂದ ರೋಗಿಗೆ ಹೊಸ ಗ್ಲೌಸು. ನಾನು ಎಷ್ಟ್ ಸೋಪ್ ಹಾಕಿ ಉಜ್ಜಿದ್ರೂ ಈ ಕೈ ಆ ಚೀಲದೊಳಗೇ ಇದೆ ಅನ್ಸುತ್ತೆ."

ಮಧ್ಯಾಹ್ನ ಕೆಲಸ ಮುಗಿಯುತ್ತದೆ. ಬೇಗಂ ಮನೆಗೆ ಹೋಗಿ ಸ್ನಾನ ಮಾಡಿ, ಜಬೀನ್ ಮನೆಯ ಗೇಟಿನ ಬಳಿ ಬಂದು ನಿಲ್ಲುತ್ತಾರೆ. ಸಿದ್ರಾ ಮಗುವನ್ನು ಎತ್ತಿಕೊಂಡು ಹೊಸಿಲಿಗೆ ಬರುತ್ತಾಳೆ.

"ಕೊರಿಯರ್‌ನವ್ರ ಥರ ಗೇಟಲ್ಲೇ ನಿಂತ್ಕೋತೀಯಲ್ಲ ಅಮ್ಮೀ. ಸೈನ್ ಮಾಡ್ಬೇಕಾ?"

"ರಿಪೋರ್ಟ್ ಬರ್ಲಿ ಬೇಟಾ. ಬಿಸಿಲಿಗೆ ಹಿಡಿಬೇಡ, ಕಣ್ಣಿಗೆ ಹೊಡಿಯುತ್ತೆ."

ಆ ದನಿಗೆ, ತಾಯಿಯ ಹೆಗಲ ಮೇಲಿದ್ದ ಮಗು ಮೆಲ್ಲಗೆ ತಲೆ ಹೊರಳಿಸುತ್ತದೆ. ಬೇಗಂ ಗೇಟನ್ನು ತಳ್ಳುವುದಿಲ್ಲ. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಇನ್ನೂ ಏನೇನೋ ಮಾತಾಡುತ್ತಾರೆ, ಮಗು ನೋಡುತ್ತಿರಲಿ ಎಂದು.

"ನನ್ ದನಿ ಗೊತ್ತಾಯ್ತು ಅದಕ್ಕೆ," ವಾಪಸು ನಡೆಯುವಾಗ ತಮಗೆ ತಾವೇ ಹೇಳಿಕೊಳ್ಳುತ್ತಾರೆ. "ಕೈ ನಿಧಾನಕ್ಕೆ ಗೊತ್ತಾಗ್ಲಿ."